ಆಕಾಶಕ್ಕೆ ದಾಖಲಾತಿ ಪುಸ್ತಕ ಬರೆದ ಕ್ಯಾರೊಲಿನ್ ಹರ್ಷೆಲ್

ನಮ್ಮೂರ ಸರ್ಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದೆ. ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಂಪಾದಕ ಮಂಡಳಿಯವರು ಪ್ರೀತಿಯಿಂದ ಕೇಳಿದ್ದಾರೆ. ನಾನು ಈ ಶಾಲೆಯ ಮೊದಲ ತಂಡದ ವಿದ್ಯಾರ್ಥಿನಿ. ಇಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಮುಂದೆ ಓದಿ, ಬೇರೆ ಬೇರೆ ಊರುಗಳ ಸರ್ಕಾರಿ ಶಾಲೆಗಳಲ್ಲಿ ವಿಜ್ಞಾನ ಶಿಕ್ಷಕಿಯಾಗಿದ್ದು ಈಗ ನಿವೃತ್ತಳಾಗಿದ್ದೇನೆ. ನಮ್ಮ ಗುರುಗಳ ಬಗ್ಗೆ, ಹಂಚಿನ ಹಳೆಯ ಕಟ್ಟಡದ ಬಗ್ಗೆ, ಕ್ರೀಡಾಕೂಟಗಳ ಬಗ್ಗೆ ನನ್ನ ಸಹಪಾಠಿಗಳು ನನಗಿಂತ ಚೆನ್ನಾಗಿ ಬರೆದಿರುತ್ತಾರೆ. ನಾನು ಸೇವೆಯಲ್ಲಿದ್ದಷ್ಟೂ ಕಾಲ ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳಿಗೆ ತಪ್ಪದೆ ಹೇಳುತ್ತಿದ್ದ ಒಬ್ಬ ಹೆಣ್ಣುಮಗಳ ಜೀವನವನ್ನು ಇಲ್ಲಿ ಬರೆಯುತ್ತೇನೆ. ಆಕೆ ನಮ್ಮ ದೇಶದವರಲ್ಲ, ನಮ್ಮ ಕಾಲದವರೂ ಅಲ್ಲ. ಆದರೂ ಆಕೆ ಕಂಡುಹಿಡಿದ ಒಂದು ಸುರುಳಿ ಗೆಲಾಕ್ಸಿ ಆಕೆಯ ಊರಿಗಿಂತ ನಮ್ಮೂರಿನ ಆಕಾಶದಲ್ಲೇ ಚೆನ್ನಾಗಿ ಕಾಣುತ್ತದೆ.

ಕ್ಯಾರೊಲಿನ್ ಲುಕ್ರೀಷಿಯಾ ಹರ್ಷೆಲ್ ಹುಟ್ಟಿದ್ದು 1750ರ ಮಾರ್ಚ್ 16ರಂದು, ಜರ್ಮನಿಯ ಹ್ಯಾನೋವರ್ ಪಟ್ಟಣದಲ್ಲಿ. ತಂದೆ ಐಸಾಕ್ ಹರ್ಷೆಲ್ ಸೈನ್ಯದ ವಾದ್ಯವೃಂದದಲ್ಲಿ ಓಬೋ ಎಂಬ ಊದುವ ವಾದ್ಯ ನುಡಿಸುತ್ತಿದ್ದವರು. ನಮ್ಮ ಶಹನಾಯಿಯ ಜಾತಿಯದು ಅದು. ತಾಯಿ ಅನ್ನಾ. ಮನೆ ತುಂಬ ಮಕ್ಕಳು, ಸಂಬಳ ಕಡಿಮೆ. ಗಂಡುಮಕ್ಕಳಿಗೆಲ್ಲ ತಂದೆ ಸಂಗೀತ ಕಲಿಸಿದರು. ರಾತ್ರಿ ಊಟವಾದ ಮೇಲೆ ಅವರೊಡನೆ ಕುಳಿತು ಲೋಕದ ಎಲ್ಲ ವಿಷಯಗಳನ್ನೂ ಚರ್ಚಿಸುತ್ತಿದ್ದರು. ಒಂದು ದಿನ ಚಳಿಯಲ್ಲಿ ಪುಟ್ಟ ಕ್ಯಾರೊಲಿನಳನ್ನು ಬೀದಿಗೆ ಕರೆದೊಯ್ದು ನಕ್ಷತ್ರಪುಂಜಗಳನ್ನೂ, ಆಗ ಕಾಣಿಸಿಕೊಂಡಿದ್ದ ಒಂದು ಧೂಮಕೇತುವನ್ನೂ ತೋರಿಸಿದ್ದರು. ಆ ಮಗು ಅದನ್ನು ಕೊನೆಯವರೆಗೂ ಮರೆಯಲಿಲ್ಲ.

ತಾಯಿಯ ಲೆಕ್ಕಾಚಾರವೇ ಬೇರೆ ಇತ್ತು. ಮಗಳು ಮನೆಗೆಲಸಕ್ಕೆ ಆದರೆ ಸಾಕು ಎಂದು ಆಕೆಯ ತೀರ್ಮಾನ. ಗಂಡುಮಕ್ಕಳು ಓದಿ ಕಲಿತದ್ದರಿಂದಲೇ ಮನೆ ಬಿಟ್ಟು ದೂರ ಹೋದರು, ವಿದ್ಯೆಯೇ ಮನೆಯನ್ನು ಒಡೆಯಿತು ಎಂದು ಆ ತಾಯಿ ನಂಬಿದ್ದರು. ಹಾಗಾಗಿ ಕ್ಯಾರೊಲಿನಳಿಗೆ ಸೈನಿಕರ ಮಕ್ಕಳ ಶಾಲೆಯಲ್ಲಿ ಓದು ಬರಹವಷ್ಟೇ ದಕ್ಕಿತು. ಫ್ರೆಂಚ್ ಭಾಷೆ ಕಲಿಯಲು ಬಿಡಲಿಲ್ಲ. ತಂದೆ ಕದ್ದುಮುಚ್ಚಿ ಪಿಟೀಲು ಹೇಳಿಕೊಟ್ಟರು, ಅದೂ ತಾಯಿ ಮನೆಯಲ್ಲಿ ಇಲ್ಲದಾಗ ಅಥವಾ ಅವರ ಮನಸ್ಸು ಹಗುರವಾಗಿದ್ದಾಗ. ಮೂರು ವರ್ಷದವಳಿದ್ದಾಗ ಬಂದ ಸಿಡುಬು ಮುಖದ ಮೇಲೆ ಕಲೆ ಬಿಟ್ಟು, ಎಡಗಣ್ಣಿಗೂ ಊನ ಮಾಡಿತ್ತು. ಹತ್ತನೇ ವರ್ಷದಲ್ಲಿ ಟೈಫಸ್ ಜ್ವರ ಬಂದು ಬೆಳವಣಿಗೆಯೇ ನಿಂತಿತು. ಆಕೆಯ ಎತ್ತರ ಕೊನೆಗೂ ನಾಲ್ಕು ಅಡಿ ಮೂರು ಇಂಚು ದಾಟಲಿಲ್ಲ. ರೂಪವೂ ಇಲ್ಲ, ಹಣವೂ ಇಲ್ಲ, ನಿನ್ನನ್ನು ಮದುವೆಯಾಗಲು ಸುಲಭವಾಗಿ ಯಾರೂ ಬರಲಾರರು ಎಂದು ಸ್ವತಃ ತಂದೆಯೇ ಮಗಳಿಗೆ ಹೇಳಿದ್ದರು. 1767ರಲ್ಲಿ ಅವರು ತೀರಿಕೊಂಡ ಮೇಲೆ ಕ್ಯಾರೊಲಿನ್ ತಾಯಿ ಮತ್ತು ಅಣ್ಣತಮ್ಮಂದಿರ ಮನೆಯಲ್ಲಿ ಸಂಬಳವಿಲ್ಲದ ಆಳಾದಳು.

ಇದನ್ನು ಓದುವಾಗ ನಮ್ಮೂರಿನ ಹಿರಿಯ ಹೆಣ್ಣುಮಕ್ಕಳಿಗೆ ಇದೇನು ಹೊಸ ಕಥೆ ಅನ್ನಿಸಲಾರದು. ನಮ್ಮ ತಂಡದಲ್ಲಿ ನನ್ನ ಜೊತೆ ಕುಳಿತ ಗೆಳತಿಯರಲ್ಲಿ ನನಗಿಂತ ಬುದ್ಧಿವಂತರಿದ್ದರು. ಹತ್ತನೇ ತರಗತಿಯ ಫಲಿತಾಂಶ ಬರುವ ಮೊದಲೇ ಅವರಲ್ಲಿ ಕೆಲವರ ಮದುವೆ ನಿಶ್ಚಯವಾಗಿತ್ತು. ನಮ್ಮ ಮನೆಯಲ್ಲೂ ಆ ಮಾತು ಬಂದಿತ್ತು. ಇಲ್ಲಿನ ಗುರುಗಳೊಬ್ಬರು ಮನೆಯ ಜಗಲಿಯ ಮೇಲೆ ಕುಳಿತು ನಮ್ಮಪ್ಪನ ಜೊತೆ ಮಾತನಾಡದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಕ್ಯಾರೊಲಿನಳ ಪಾಲಿಗೆ ಆ ಕೆಲಸ ಮಾಡಿದವರು ಅಣ್ಣ ವಿಲಿಯಂ.

ವಿಲಿಯಂ ಆಕೆಗಿಂತ ಸುಮಾರು ಹನ್ನೆರಡು ವರ್ಷ ದೊಡ್ಡವರು. ಯುದ್ಧದ ಕಾಲದಲ್ಲಿ ಇಂಗ್ಲೆಂಡಿಗೆ ಹೋಗಿ, ಬಾತ್ ಎಂಬ ಊರಿನ ಆಕ್ಟಗನ್ ಪ್ರಾರ್ಥನಾ ಮಂದಿರದಲ್ಲಿ ಆರ್ಗನ್ ನುಡಿಸುವ ಕೆಲಸ ಹಿಡಿದಿದ್ದರು. 1772ರಲ್ಲಿ ಊರಿಗೆ ಬಂದು ತಂಗಿಯನ್ನು ಕರೆದೊಯ್ಯುತ್ತೇನೆ ಎಂದರು. ತಾಯಿ ಒಪ್ಪಲಿಲ್ಲ. ಮಗಳು ಹೋದರೆ ಮನೆಗೆಲಸ ಯಾರು ಮಾಡುವುದು? ಆಳನ್ನು ಇಟ್ಟುಕೊಳ್ಳಲು ವರ್ಷಕ್ಕಿಷ್ಟು ಹಣ ಕಳಿಸುತ್ತೇನೆ ಎಂದು ವಿಲಿಯಂ ಒಪ್ಪಿಸಬೇಕಾಯಿತು. ತಾನು ಹೋದ ಮೇಲೆ ಮನೆಯವರಿಗೆ ತೊಂದರೆಯಾಗಬಾರದು ಎಂದು ಕ್ಯಾರೊಲಿನ್ ಎರಡು ವರ್ಷಕ್ಕಾಗುವಷ್ಟು ಕಾಲುಚೀಲಗಳನ್ನು ಹೆಣೆದಿಟ್ಟು ಹೊರಟಳು. ಆಗ ಆಕೆಗೆ ಇಪ್ಪತ್ತೆರಡು ವರ್ಷ. ಇಲ್ಲಿಂದ ಮುಂದೆ ಆಕೆ ತಮ್ಮ ಕಾಲ ಮೇಲೆ ನಿಂತವರು. ಆದ್ದರಿಂದ ಬಹುವಚನದಲ್ಲೇ ಬರೆಯುತ್ತೇನೆ.

ಬಾತ್‌ನಲ್ಲಿ ಬೆಳಗಿನ ತಿಂಡಿಯ ಹೊತ್ತಿಗೆ ಪಾಠ. ಅಣ್ಣ ಇಂಗ್ಲಿಷ್ ಕಲಿಸಿದರು, ಲೆಕ್ಕ ಕಲಿಸಿದರು, ಮನೆಯ ಜಮಾಖರ್ಚು ಬರೆಯುವುದನ್ನು ಕಲಿಸಿದರು. ದಿನಕ್ಕೆ ಎರಡು ಮೂರು ಸಲ ಸಂಗೀತ. ಕೆಲವೇ ವರ್ಷಗಳಲ್ಲಿ ಕ್ಯಾರೊಲಿನ್ ಹ್ಯಾಂಡೆಲ್‌ನ ದೊಡ್ಡ ಗೀತರೂಪಕಗಳಲ್ಲಿ ಮುಖ್ಯ ಗಾಯಕಿಯಾದರು. ಬರ್ಮಿಂಗ್‌ಹ್ಯಾಮ್‌ನ ಉತ್ಸವದಲ್ಲಿ ಹಾಡಲು ಕರೆ ಬಂತು. ಅಣ್ಣ ನಡೆಸುವ ಕಚೇರಿ ಬಿಟ್ಟು ಬೇರೆಡೆ ಹಾಡುವುದಿಲ್ಲ ಎಂದು ಆಕೆ ಅದನ್ನು ಒಪ್ಪಲಿಲ್ಲ.

ಅಷ್ಟರಲ್ಲಿ ಅಣ್ಣನಿಗೆ ಆಕಾಶದ ಹುಚ್ಚು ಹಿಡಿದಿತ್ತು. ಕೊಳ್ಳಲು ಸಿಗುವ ದೂರದರ್ಶಕಗಳು ಸಾಲದೆ ತಾವೇ ಕನ್ನಡಿ ಎರಕ ಹೊಯ್ದು ಉಜ್ಜತೊಡಗಿದರು. ಆಗಿನ ದೂರದರ್ಶಕದ ಕನ್ನಡಿ ಗಾಜಿನದಲ್ಲ, ತಾಮ್ರ ಮತ್ತು ತವರ ಬೆರೆಸಿದ ಲೋಹದ್ದು. ಎರಕದ ಅಚ್ಚಿಗೆ ಬೇಕಾದ ಕುದುರೆ ಲದ್ದಿಯನ್ನು ಒರಳಲ್ಲಿ ಕುಟ್ಟಿ ಜರಡಿ ಹಿಡಿದವರಲ್ಲಿ ಕ್ಯಾರೊಲಿನ್ ಕೂಡ ಒಬ್ಬರು. ಕನ್ನಡಿ ಉಜ್ಜಲು ಕುಳಿತರೆ ಮಧ್ಯೆ ಕೈ ತೆಗೆಯುವಂತಿಲ್ಲ. ಒಮ್ಮೆ ಹದಿನಾರು ಗಂಟೆ ಹೀಗೆ ಕುಳಿತ ಅಣ್ಣನಿಗೆ ತಂಗಿ ತುತ್ತು ಮಾಡಿ ಬಾಯಿಗಿಟ್ಟರು. 1781ರ ಮಾರ್ಚ್ 13ರಂದು ವಿಲಿಯಂ ಯುರೇನಸ್ ಗ್ರಹವನ್ನು ಕಂಡುಹಿಡಿದರು. ಮರುವರ್ಷ ದೊರೆ ಮೂರನೇ ಜಾರ್ಜ್ ವರ್ಷಕ್ಕೆ 200 ಪೌಂಡ್ ಗೊತ್ತುಮಾಡಿ ಅವರನ್ನು ತಮ್ಮ ಖಗೋಳಜ್ಞರನ್ನಾಗಿ ಮಾಡಿಕೊಂಡರು. ಸಂಸಾರ ಅರಮನೆಗೆ ಹತ್ತಿರದ ಡ್ಯಾಚೆಟ್ ಎಂಬ ಹಳ್ಳಿಗೆ ಬಂತು. ಕ್ಯಾರೊಲಿನ್ ಅವರ ಸಂಗೀತ ಅಲ್ಲಿಗೆ ಮುಗಿಯಿತು. ಅವರನ್ನು ಯಾರೂ ಕೇಳಲಿಲ್ಲ.

ಡ್ಯಾಚೆಟ್‌ನಲ್ಲಿ ಅಣ್ಣ ತಂಗಿಯ ಕೈಗೂ ಒಂದು ಸಣ್ಣ ದೂರದರ್ಶಕ ಕೊಟ್ಟು ಧೂಮಕೇತು ಹುಡುಕು ಎಂದರು. ದೂರದರ್ಶಕವನ್ನು ನಿಧಾನವಾಗಿ ಆಡಿಸುತ್ತ ಆಕಾಶದ ಒಂದೊಂದು ಪಟ್ಟಿಯನ್ನೂ ಬಿಡದೆ ನೋಡುವುದಕ್ಕೆ ಅವರು ಇಟ್ಟ ಹೆಸರು ಸ್ವೀಪಿಂಗ್, ಅಂದರೆ ಗುಡಿಸುವುದು. ಮನೆ ಗುಡಿಸುವುದಕ್ಕೆಂದೇ ಹುಟ್ಟಿದವಳು ಎಂದು ತಾಯಿ ಬಗೆದಿದ್ದ ಮಗಳು ಈಗ ಆಕಾಶ ಗುಡಿಸಲು ನಿಂತರು. ಮೊದಮೊದಲು ಮಂಜು ಬಿದ್ದ ಹುಲ್ಲಿನ ಮೇಲೆ ಒಬ್ಬರೇ ನಿಂತಿರುವುದು ಅವರಿಗೆ ಹಿಡಿಸಲಿಲ್ಲ. ಆದರೆ 1783ರ ಫೆಬ್ರವರಿಯಲ್ಲಿ ಯಾರ ಪಟ್ಟಿಯಲ್ಲೂ ಇಲ್ಲದ ಒಂದು ನಕ್ಷತ್ರಗುಚ್ಛ ಕಣ್ಣಿಗೆ ಬಿತ್ತು. ಆಮೇಲೆ ಬೇಸರ ಉಳಿಯಲಿಲ್ಲ.

ಯಾರ ಪಟ್ಟಿಯಲ್ಲೂ ಇಲ್ಲದ್ದು ಎಂದೆನಲ್ಲ, ಆ ಪಟ್ಟಿ ಯಾವುದೆಂದು ಹೇಳಬೇಕು. ಪ್ಯಾರಿಸ್‌ನಲ್ಲಿ ಶಾರ್ಲ್ ಮೆಸಿಯೆ ಎಂಬ ಧೂಮಕೇತು ಬೇಟೆಗಾರರಿದ್ದರು. ಆಕಾಶದಲ್ಲಿ ಅಲ್ಲಲ್ಲಿ ಮಬ್ಬು ಮೋಡದಂಥ ಮಚ್ಚೆಗಳಿವೆ. ನೋಡಿದರೆ ಧೂಮಕೇತುವಿನ ಹಾಗೆಯೇ ಇರುತ್ತವೆ, ಆದರೆ ಜಾಗ ಬಿಟ್ಟು ಕದಲುವುದಿಲ್ಲ. ಇವುಗಳಿಂದ ಪದೇ ಪದೇ ಗೊಂದಲವಾಗಬಾರದೆಂದು ಮೆಸಿಯೆ ಅವುಗಳಿಗೆ ಕ್ರಮಸಂಖ್ಯೆ ಕೊಟ್ಟು ಪಟ್ಟಿ ಮಾಡಿದರು. 1781ರ ಹೊತ್ತಿಗೆ ಅದರಲ್ಲಿ 103 ಹೆಸರುಗಳಿದ್ದವು. ಈ ಮಚ್ಚೆಗಳಿಗೆ ನೀಹಾರಿಕೆ ಎಂಬ ಹೆಸರಿತ್ತೇ ಹೊರತು ಅವು ಏನೆಂದು ಯಾರಿಗೂ ತಿಳಿದಿರಲಿಲ್ಲ.

1783ರ ಸೆಪ್ಟೆಂಬರ್ 23ರ ರಾತ್ರಿ ಕ್ಯಾರೊಲಿನ್ ದಕ್ಷಿಣದ ಅಂಚನ್ನು ಗುಡಿಸುತ್ತಿದ್ದರು. ಕೈಯಲ್ಲಿದ್ದದ್ದು ನಾಲ್ಕು ಇಂಚಿಗೆ ತುಸು ಮೇಲ್ಪಟ್ಟ ಅಗಲದ ಕನ್ನಡಿಯ ಪುಟ್ಟ ದೂರದರ್ಶಕ. ತಿಮಿಂಗಿಲ ರಾಶಿಯ ಕೆಳಗೆ, ಈಗ ಶಿಲ್ಪಿ ಎಂದು ಕರೆಯುವ ರಾಶಿಯಲ್ಲಿ, ಉದ್ದನೆಯ ಮಬ್ಬು ಬೆಳಕೊಂದು ಕಂಡಿತು. ಮೆಸಿಯೆ ಪಟ್ಟಿಯಲ್ಲಿ ಅದು ಇರಲಿಲ್ಲ. ಡ್ಯಾಚೆಟ್‌ನಿಂದ ನೋಡಿದರೆ ಆ ಜಾಗ ದಿಗಂತದಿಂದ 13 ಡಿಗ್ರಿಗಿಂತ ಮೇಲೇರುವುದೇ ಇಲ್ಲ. ನೆಲದ ಮಂಜು, ಮರಗಳ ಮರೆ ಎಲ್ಲವನ್ನೂ ದಾಟಿ ಅದನ್ನು ಹಿಡಿಯಬೇಕಾದರೆ ಕಣ್ಣು ಎಷ್ಟು ಪಳಗಿರಬೇಕು ಎಂದು ನಾನು ಮಕ್ಕಳಿಗೆ ಕೇಳುತ್ತಿದ್ದೆ. ಈ ಉದ್ದನೆಯ ಮಬ್ಬೇ ನಾನು ಆರಂಭದಲ್ಲಿ ಹೇಳಿದ ಸುರುಳಿ ಗೆಲಾಕ್ಸಿ.

ತಂಗಿ ಸಣ್ಣ ದೂರದರ್ಶಕದಲ್ಲೇ ಇಷ್ಟು ಹೊಸದನ್ನು ಹಿಡಿದದ್ದನ್ನು ಕಂಡು ವಿಲಿಯಂ ಅದೇ ಅಕ್ಟೋಬರ್‌ನಲ್ಲಿ ತಮ್ಮ ದೊಡ್ಡ ದೂರದರ್ಶಕದಿಂದ ಇಡೀ ಆಕಾಶದ ನೀಹಾರಿಕೆಗಳನ್ನು ಹುಡುಕಲು ತೊಡಗಿದರು ಎಂದು ಚರಿತ್ರಕಾರರು ಹೇಳುತ್ತಾರೆ. ಅದರ ಉದ್ದ ಇಪ್ಪತ್ತು ಅಡಿ, ಕನ್ನಡಿಯ ಅಗಲ ಸುಮಾರು 19 ಇಂಚು. ಆ ಕೆಲಸ ಇಪ್ಪತ್ತು ವರ್ಷ ನಡೆಯಿತು. ಅದು ನಡೆದ ರೀತಿ ಹೀಗೆ. ದೂರದರ್ಶಕವನ್ನು ದಕ್ಷಿಣಕ್ಕೆ ಮುಖಮಾಡಿ ನಿಲ್ಲಿಸುವುದು. ಭೂಮಿ ತಿರುಗುವುದರಿಂದ ಆಕಾಶ ತಾನಾಗಿ ಅದರ ಮುಂದೆ ಸರಿಯುತ್ತದೆ. ಯಾವುದಾದರೂ ಮಬ್ಬು ಕಂಡ ಕ್ಷಣ ವಿಲಿಯಂ ಏಣಿಯ ಮೇಲಿನಿಂದ ಕೂಗಿ ಹೇಳುವರು. ಮನೆಯೊಳಗೆ ಕಿಟಕಿಯ ಬಳಿ ದೀಪ, ಗಡಿಯಾರ, ನಕ್ಷತ್ರ ಪಟ್ಟಿ ಇಟ್ಟುಕೊಂಡು ಕ್ಯಾರೊಲಿನ್ ಬರೆದುಕೊಳ್ಳುವರು. ಗಡಿಯಾರ ತೋರಿಸಿದ ಸಮಯದಿಂದ ಆ ವಸ್ತು ಪೂರ್ವ ಪಶ್ಚಿಮವಾಗಿ ಎಲ್ಲಿದೆ ಎಂದು ಸಿಗುತ್ತದೆ. ದೂರದರ್ಶಕ ಎಷ್ಟು ಬಾಗಿದೆ ಎಂಬುದರಿಂದ ಉತ್ತರ ದಕ್ಷಿಣವಾಗಿ ಎಲ್ಲಿದೆ ಎಂದು ಸಿಗುತ್ತದೆ. ನಾವು ಭೂಪಟದಲ್ಲಿ ಊರನ್ನು ಅಕ್ಷಾಂಶ ರೇಖಾಂಶಗಳಿಂದ ಗುರುತಿಸುವ ಹಾಗೆಯೇ ಇದೂ ಕೂಡ. ಬೆಳಗಾದ ಮೇಲೆ ಅಣ್ಣ ಮಲಗಿದರೂ ತಂಗಿಯ ಕೆಲಸ ಮುಗಿಯದು. ರಾತ್ರಿಯ ಗೀಚುಬರಹವನ್ನು ಚೊಕ್ಕವಾಗಿ ನಕಲು ಮಾಡಿ, ಪ್ರತಿಯೊಂದರ ಸ್ಥಾನವನ್ನೂ ಲೆಕ್ಕ ಹಾಕಿ ಪಟ್ಟಿಗೆ ಸೇರಿಸಬೇಕು. ಇಷ್ಟು ಲೆಕ್ಕ ಮಾಡಿದ ಕ್ಯಾರೊಲಿನ್ ಅವರಿಗೆ ಮಗ್ಗಿ ಬಾಯಿಪಾಠ ಬರುತ್ತಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಚಿಕ್ಕಂದಿನಲ್ಲಿ ಹೇಳಿಕೊಟ್ಟವರಿಲ್ಲ. ಕೊನೆಯವರೆಗೂ ಮಗ್ಗಿ ಬರೆದ ಕಾಗದ ಜೇಬಿನಲ್ಲೇ ಇರುತ್ತಿತ್ತು. ಮಗ್ಗಿಗೆ ಹೆದರುವ ಮಕ್ಕಳಿಗೆ ನಾನು ಈ ಮಾತನ್ನು ಹೇಳದೆ ಬಿಟ್ಟಿಲ್ಲ.

1783ರ ಕೊನೆಯ ರಾತ್ರಿ ನೆಲದ ಮೇಲೆ ಹಿಮ ಬಿದ್ದಿತ್ತು. ದೂರದರ್ಶಕ ತಿರುಗಿಸಬೇಕೆಂದು ಅಣ್ಣ ಕೂಗಿದರು. ಕತ್ತಲಲ್ಲಿ ಓಡಿದ ಕ್ಯಾರೊಲಿನ್ ಜಾರಿ, ಯಂತ್ರದ ಕಬ್ಬಿಣದ ಕೊಕ್ಕೆಯ ಮೇಲೆ ಬಿದ್ದರು. ಕೊಕ್ಕೆ ಮಂಡಿಯ ಮೇಲ್ಭಾಗದಲ್ಲಿ ತೊಡೆಗೆ ನಾಟಿತು. ಎತ್ತಿ ಬಿಡಿಸುವಾಗ ಮಾಂಸದ ತುಂಡೇ ಕಿತ್ತು ಬಂತು. ಗಾಯ ಮಾಯಲು ವಾರಗಳೇ ಹಿಡಿದವು. ಆ ರಾತ್ರಿ ಮೋಡ ಕವಿದದ್ದರಿಂದ ಅಣ್ಣನ ಕೆಲಸ ಕೆಡಲಿಲ್ಲ ಎಂಬುದೇ ಅವರ ಸಮಾಧಾನವಾಗಿತ್ತು.

ಅಣ್ಣತಂಗಿಯರು ಸೇರಿ ತಯಾರಿಸಿದ ಪಟ್ಟಿ ಮೂರು ಕಂತುಗಳಲ್ಲಿ ಪ್ರಕಟವಾಯಿತು. 1786ರಲ್ಲಿ ಒಂದು ಸಾವಿರ, 1789ರಲ್ಲಿ ಇನ್ನೊಂದು ಸಾವಿರ, 1802ರಲ್ಲಿ ಐನೂರು. ಮೆಸಿಯೆ ಕಾಲದ ನೂರು ಚಿಲ್ಲರೆ ಇದ್ದದ್ದು ಎರಡೂವರೆ ಸಾವಿರ ಏರಿತು. ಇಷ್ಟನ್ನು ಸುಮ್ಮನೆ ಸಾಲಾಗಿ ಬರೆದರೆ ಸಾಲದು ಎಂದು ವಿಲಿಯಂ ಎಂಟು ವರ್ಗ ಮಾಡಿದರು. ಹೊಳಪಿನ ನೀಹಾರಿಕೆಗಳು ಒಂದನೇ ವರ್ಗ, ಮಸುಕಾದವು ಎರಡನೆಯದು, ತೀರಾ ಮಸುಕಾದವು ಮೂರನೆಯದು, ಗ್ರಹದಂತೆ ದುಂಡಗಿನವು ನಾಲ್ಕನೆಯದು, ಬಹಳ ದೊಡ್ಡವು ಐದನೆಯದು. ಉಳಿದ ಮೂರು ವರ್ಗ ನಕ್ಷತ್ರಗುಚ್ಛಗಳಿಗೆ. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ತರಗತಿ ಮತ್ತು ಕ್ರಮಸಂಖ್ಯೆ ಇರುವ ಹಾಗೆ. ಕ್ಯಾರೊಲಿನ್ ಕಂಡ ಶಿಲ್ಪಿ ರಾಶಿಯ ಆ ಉದ್ದನೆಯ ಮಬ್ಬಿಗೆ ಸಿಕ್ಕಿದ ಜಾಗ ಐದನೇ ವರ್ಗ, ಒಂದನೇ ಕ್ರಮಸಂಖ್ಯೆ. ಇದನ್ನು ಕಂಡದ್ದು ನನ್ನ ತಂಗಿ ಎಂದು ವಿಲಿಯಂ ಅಲ್ಲೇ ಟಿಪ್ಪಣಿ ಬರೆದು, ಸಿ.ಎಚ್. ಎಂದು ಆಕೆಯ ಹೆಸರಿನ ಮೊದಲಕ್ಷರಗಳನ್ನು ಹಾಕಿದರು. ತಂಗಿಯ ದುಡಿಮೆಗೆ ಸಿಕ್ಕ ಬೆಲೆಯನ್ನು ನೋಡುವಾಗ ಈ ಎರಡಕ್ಷರವನ್ನೂ ಲೆಕ್ಕಕ್ಕೆ ಹಿಡಿಯಬೇಕು.

1786ರ ಆಗಸ್ಟ್ 1ರಂದು, ಅಣ್ಣ ಜರ್ಮನಿಗೆ ಹೋಗಿದ್ದಾಗ, ಕ್ಯಾರೊಲಿನ್ ತಮ್ಮ ಮೊದಲ ಧೂಮಕೇತುವನ್ನು ಕಂಡರು. 1797ರವರೆಗೆ ಇಂಥ ಎಂಟು ಧೂಮಕೇತುಗಳು ಅವರ ಕಣ್ಣಿಗೆ ಬಿದ್ದವು. ಕೊನೆಯದನ್ನು ಕಂಡ ಮರುದಿನ, ಅಂಚೆಗೆ ಕಾಯದೆ, ಒಂದು ಗಂಟೆಯಷ್ಟೇ ನಿದ್ದೆ ಮಾಡಿ, ಕುದುರೆಯೇರಿ ಗ್ರೀನ್‌ವಿಚ್ ವೀಕ್ಷಣಾಲಯಕ್ಕೆ ಸುದ್ದಿ ಮುಟ್ಟಿಸಿದರು. ಆಗ ಅವರಿಗೆ ನಲವತ್ತೇಳು ವರ್ಷ. 1787ರಲ್ಲಿ ದೊರೆ ಅವರಿಗೆ ಅಣ್ಣನ ಸಹಾಯಕಿಯೆಂದು ವರ್ಷಕ್ಕೆ 50 ಪೌಂಡ್ ಸಂಬಳ ಗೊತ್ತುಮಾಡಿದ್ದರು. ವಿಜ್ಞಾನದ ಕೆಲಸಕ್ಕೆ ಸಂಬಳ ಪಡೆದ ಮೊದಲ ಮಹಿಳೆ ಎಂದು ಇಂದು ಅವರನ್ನು ಗುರುತಿಸುತ್ತಾರೆ. ಮೊದಲ ಕಂತು ಹನ್ನೆರಡೂವರೆ ಪೌಂಡ್ ಕೈಗೆ ಬಂದಾಗ ತಮ್ಮ ಇಷ್ಟದಂತೆ ಖರ್ಚು ಮಾಡಬಹುದಾದ ಹಣವನ್ನು ಜೀವನದಲ್ಲೇ ಮೊದಲ ಸಲ ಹಿಡಿದೆ ಎಂದು ಅವರಿಗೆ ಅನ್ನಿಸಿತು. ಮೊದಲ ತಿಂಗಳ ಸಂಬಳ ಎಣಿಸಿಕೊಂಡ ಯಾವ ಹೆಣ್ಣುಮಗಳಿಗೂ ಇದನ್ನು ವಿವರಿಸಬೇಕಾಗಿಲ್ಲ.

1788ರಲ್ಲಿ ವಿಲಿಯಂ ಮದುವೆಯಾದರು. ಹದಿನಾರು ವರ್ಷ ಮನೆಯ ಬೀಗದ ಕೈ ಹಿಡಿದಿದ್ದ ತಂಗಿ ಬೇರೆ ಕಡೆ ಬಾಡಿಗೆ ಕೋಣೆ ಹಿಡಿದು, ರಾತ್ರಿ ಕೆಲಸಕ್ಕೆ ಮಾತ್ರ ಬಂದು ಹೋಗುವಂತಾಯಿತು. ಆ ವರ್ಷಗಳ ದಿನಚರಿಯನ್ನು ಕ್ಯಾರೊಲಿನ್ ಮುಂದೆ ತಾವೇ ಹಾಳುಮಾಡಿಬಿಟ್ಟರು. ಮನಸ್ಸಿನ ಕಹಿ ಮುಂದಿನವರಿಗೆ ತಿಳಿಯುವುದು ಬೇಡ ಎಂದಿರಬಹುದು. ಅತ್ತಿಗೆಯೊಡನೆ ಆಮೇಲೆ ಒಳ್ಳೆಯ ಬಾಂಧವ್ಯ ಬೆಳೆಯಿತು. ಅಣ್ಣನ ಮಗ ಜಾನ್ ಎಂದರೆ ಅವರಿಗೆ ಪ್ರಾಣ. ಈ ನಡುವೆಯೇ ಅವರು ಇನ್ನೊಂದು ದೊಡ್ಡ ಕೆಲಸ ಮುಗಿಸಿದರು. ಫ್ಲ್ಯಾಮ್‌ಸ್ಟೀಡ್ ಎಂಬ ಹಿಂದಿನ ಖಗೋಳಜ್ಞರ ಸುಮಾರು ಮೂರು ಸಾವಿರ ನಕ್ಷತ್ರಗಳ ಪಟ್ಟಿಯನ್ನು ಅವರ ಮೂಲ ವೀಕ್ಷಣೆಗಳ ಜೊತೆ ಒಂದೊಂದಾಗಿ ತಾಳೆ ನೋಡಿ, ತಪ್ಪುಗಳನ್ನು ಹೆಕ್ಕಿ, ಬಿಟ್ಟುಹೋಗಿದ್ದ ಐನೂರೈವತ್ತಕ್ಕೂ ಹೆಚ್ಚು ನಕ್ಷತ್ರಗಳನ್ನು ಸೇರಿಸಿದರು. 1798ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅದನ್ನು ಅಚ್ಚು ಹಾಕಿಸಿತು.

1822ರ ಆಗಸ್ಟ್‌ನಲ್ಲಿ ವಿಲಿಯಂ ತೀರಿಕೊಂಡರು. ದುಃಖದಲ್ಲಿ ಕ್ಯಾರೊಲಿನ್ ಐವತ್ತು ವರ್ಷದ ಹಿಂದೆ ಬಿಟ್ಟು ಬಂದಿದ್ದ ಹ್ಯಾನೋವರ್‌ಗೆ ಮರಳಿದರು. ಅಲ್ಲಿ ಎತ್ತರದ ಮನೆಗಳ ನಡುವೆ ಆಕಾಶವೇ ಸರಿಯಾಗಿ ಕಾಣುತ್ತಿರಲಿಲ್ಲ. ವಯಸ್ಸು ಎಪ್ಪತ್ತೆರಡು. ಸಾಕು ಎಂದು ಕೂರಬಹುದಿತ್ತು. ಆದರೆ ಸೋದರಳಿಯ ಜಾನ್ ತಂದೆಯ ನೀಹಾರಿಕೆಗಳನ್ನೆಲ್ಲ ಮತ್ತೆ ನೋಡಿ ಪರೀಕ್ಷಿಸುವ ಸಂಕಲ್ಪ ಮಾಡಿದ್ದರು. ಹಳೆಯ ಪಟ್ಟಿ ವರ್ಗವಾರು ಇತ್ತು. ಒಂದು ರಾತ್ರಿ ಆಕಾಶದ ಒಂದು ಪಟ್ಟಿಯಲ್ಲಿ ಏನೇನಿದೆ ಎಂದು ಅದರಿಂದ ಹುಡುಕುವುದು ಕಷ್ಟ. ಊರುವಾರು ಮಕ್ಕಳ ಪಟ್ಟಿ ಬೇಕಾದಾಗ ತರಗತಿವಾರು ಹಾಜರಿ ಪುಸ್ತಕ ತಿರುವಿದ ಹಾಗೆ. ಸೋದರತ್ತೆ ಕುಳಿತು ಎರಡೂವರೆ ಸಾವಿರ ನಮೂದುಗಳ ಸ್ಥಾನವನ್ನೂ ಹೊಸದಾಗಿ ಲೆಕ್ಕಹಾಕಿ, ಆಕಾಶದ ವಲಯವಾರು ಹೊಸ ಪಟ್ಟಿ ಬರೆದು ಕಳಿಸಿದರು. ಇದಕ್ಕಾಗಿ 1828ರಲ್ಲಿ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿ ಅವರಿಗೆ ಚಿನ್ನದ ಪದಕ ಕೊಟ್ಟಿತು. ಅದೇ ಪದಕ ಮತ್ತೊಬ್ಬ ಮಹಿಳೆಗೆ ಸಿಕ್ಕಿದ್ದು 168 ವರ್ಷಗಳ ನಂತರ, 1996ರಲ್ಲಿ. ಪಡೆದವರು ಅಮೆರಿಕದ ವೆರಾ ರೂಬಿನ್, ಸುರುಳಿ ಗೆಲಾಕ್ಸಿಗಳು ಹೇಗೆ ತಿರುಗುತ್ತವೆ ಎಂದು ಅಳೆದವರು.

ಜಾನ್ ಹರ್ಷೆಲ್ 1834ರಿಂದ 1838ರವರೆಗೆ ಆಫ್ರಿಕದ ದಕ್ಷಿಣ ತುದಿಯ ಕೇಪ್‌ನಲ್ಲಿ ನೆಲೆಸಿ ದಕ್ಷಿಣದ ಆಕಾಶವನ್ನು ನೋಡಿದರು. ಸೋದರತ್ತೆ ಇಂಗ್ಲೆಂಡಿನಲ್ಲಿ ದಿಗಂತದ ಮಂಜಿನಲ್ಲಿ ಹಿಡಿದಿದ್ದ ಶಿಲ್ಪಿ ರಾಶಿಯ ಆ ಮಬ್ಬು ಅಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಅದರ ಭವ್ಯತೆಗೆ ಅವರು ಬೆರಗಾಗಿ ಬರೆದರು. 1845ರಲ್ಲಿ ಐರ್ಲೆಂಡಿನ ಲಾರ್ಡ್ ರಾಸ್ ಆರು ಅಡಿ ಅಗಲದ ಕನ್ನಡಿಯ ದೂರದರ್ಶಕದಲ್ಲಿ ಮೆಸಿಯೆ ಪಟ್ಟಿಯ 51ನೆಯ ನೀಹಾರಿಕೆಯನ್ನು ನೋಡಿ, ಅದು ಸುರುಳಿಯಾಗಿದೆ ಎಂದು ಚಿತ್ರ ಬರೆದರು. ಸುರುಳಿ ರೂಪ ಮನುಷ್ಯರ ಕಣ್ಣಿಗೆ ಬಿದ್ದದ್ದು ಆಗಲೇ ಮೊದಲು. ಆ ಹೊತ್ತಿಗೆ ಕ್ಯಾರೊಲಿನ್ ಇನ್ನೂ ಬದುಕಿದ್ದರು, ತೊಂಬತ್ತೈದು ವರ್ಷ. ಮರುವರ್ಷ ಪ್ರಷ್ಯದ ದೊರೆ ಅವರಿಗೆ ವಿಜ್ಞಾನದ ಚಿನ್ನದ ಪದಕ ಕಳಿಸಿದರು. 1848ರ ಜನವರಿ 9ರಂದು, ತೊಂಬತ್ತೇಳನೇ ವಯಸ್ಸಿನಲ್ಲಿ ಅವರು ಕಣ್ಣುಮುಚ್ಚಿದರು. ಅವರ ಇಷ್ಟದಂತೆ ಶವಪೆಟ್ಟಿಗೆಯಲ್ಲಿ ಅಣ್ಣನ ಕೂದಲಿನ ಒಂದು ಎಳೆಯನ್ನೂ, ತಂದೆ ಬಳಸುತ್ತಿದ್ದ ಹಳೆಯ ಪಂಚಾಂಗವನ್ನೂ ಇಟ್ಟರು.

ಅವರು ಹೋದ ಮೇಲೂ ಪಟ್ಟಿ ಬೆಳೆಯಿತು. 1864ರಲ್ಲಿ ಜಾನ್ ಹರ್ಷೆಲ್ ಐದು ಸಾವಿರಕ್ಕೂ ಮಿಕ್ಕಿದ ಸಮಗ್ರ ಪಟ್ಟಿ ಪ್ರಕಟಿಸಿದರು. 1888ರಲ್ಲಿ ಐರ್ಲೆಂಡಿನ ಅರ್ಮಾ ವೀಕ್ಷಣಾಲಯದ ಡ್ರೇಯರ್ ಅದನ್ನು ಪರಿಷ್ಕರಿಸಿ 7,840 ವಸ್ತುಗಳ ನ್ಯೂ ಜನರಲ್ ಕ್ಯಾಟಲಾಗ್ ತಂದರು. ಎನ್‌ಜಿಸಿ ಎಂದು ಖಗೋಳದ ಪುಸ್ತಕಗಳಲ್ಲಿ ಈಗಲೂ ಕಾಣುವುದು ಅದೇ. ಅದರಲ್ಲಿ ಆಕಾಶದ ರೇಖಾಂಶದ ಸೊನ್ನೆ ಗೆರೆಯಿಂದ ಪೂರ್ವಕ್ಕೆ ಎಣಿಸುತ್ತ ಕ್ರಮಸಂಖ್ಯೆ ಕೊಟ್ಟಿದ್ದಾರೆ. ಕ್ಯಾರೊಲಿನ್ ಅವರ ಮಬ್ಬು ಸೊನ್ನೆ ಗೆರೆಗೆ ಹತ್ತಿರವಿರುವುದರಿಂದ ಅದಕ್ಕೆ 253 ಬಂತು. ಇಂದು ಜಗತ್ತಿನ ಯಾವ ವೀಕ್ಷಣಾಲಯದಲ್ಲಿ ಎನ್‌ಜಿಸಿ 253 ಎಂದರೂ ಗೊತ್ತಾಗುತ್ತದೆ.

ಇಷ್ಟಾದರೂ ಅದು ಏನು ಎಂಬುದು ತಿಳಿದಿರಲಿಲ್ಲ. ನಮ್ಮ ಆಕಾಶಗಂಗೆಯ ಒಳಗಿನ ಅನಿಲದ ಮೋಡವೇ, ಆಚೆಗಿರುವ ಇನ್ನೊಂದು ಆಕಾಶಗಂಗೆಯೇ? 1912ರಲ್ಲಿ ಹೆನ್ರಿಯೆಟಾ ಲೆವಿಟ್ ಎಂಬ ಇನ್ನೊಬ್ಬ ಹೆಣ್ಣುಮಗಳು, ಹಾರ್ವರ್ಡ್ ವೀಕ್ಷಣಾಲಯದಲ್ಲಿ ಫೋಟೋ ಗಾಜುಗಳನ್ನು ನೋಡಿ ಪಟ್ಟಿ ಮಾಡುತ್ತಿದ್ದಾಕೆ, ಬೆಳಕು ಏರಿಳಿಯುವ ಸಿಫೀಡ್ ನಕ್ಷತ್ರಗಳ ನಿಯಮವನ್ನು ಪ್ರಕಟಿಸಿದರು. ಏರಿಳಿತದ ಅವಧಿ ಹೆಚ್ಚಿದಷ್ಟೂ ನಕ್ಷತ್ರದ ನಿಜವಾದ ಪ್ರಕಾಶ ಹೆಚ್ಚು. ನಿಜವಾದ ಪ್ರಕಾಶ ಗೊತ್ತಾದರೆ, ಕಣ್ಣಿಗೆ ಎಷ್ಟು ಮಂಕಾಗಿದೆ ಎಂಬುದರಿಂದ ದೂರ ಲೆಕ್ಕ ಹಾಕಬಹುದು. ಎಡ್ವಿನ್ ಹಬಲ್ 1923ರಲ್ಲಿ ಆಂಡ್ರೊಮಿಡಾ ನೀಹಾರಿಕೆಯಲ್ಲಿ ಅಂಥ ನಕ್ಷತ್ರವನ್ನು ಹಿಡಿದು, ಅದು ನಮ್ಮ ಆಕಾಶಗಂಗೆಯ ಆಚೆಗಿನ ಬೇರೊಂದು ಗೆಲಾಕ್ಸಿ ಎಂದು ತೋರಿಸಿದರು. 1926ರಲ್ಲಿ ಗೆಲಾಕ್ಸಿಗಳನ್ನು ರೂಪದ ಮೇಲೆ ವಿಂಗಡಿಸಿದರು. ಮೊಟ್ಟೆಯಾಕಾರದವು, ಸುರುಳಿಗಳು, ನಡುವೆ ಪಟ್ಟಿಯಿರುವ ಸುರುಳಿಗಳು, ಆಕಾರವಿಲ್ಲದವು. 1959ರಲ್ಲಿ ಡಿ ವೊಕುಲರ್ ಇದನ್ನು ಇನ್ನಷ್ಟು ಬಿಡಿಸಿದರು.

ಅವರ ಪದ್ಧತಿಯಲ್ಲಿ ಎನ್‌ಜಿಸಿ 253ರ ವರ್ಗ ಎಸ್ ಎ ಬಿ, ಆವರಣದಲ್ಲಿ ಸಣ್ಣ ಎಸ್, ಕೊನೆಗೆ ಸಿ. ಓದಲು ಗೊಂದಲವೆನಿಸಿದರೂ ಅರ್ಥ ಸುಲಭ. ಎಸ್ ಎಂದರೆ ಸುರುಳಿ. ಎ ಎಂದರೆ ನಡುವೆ ಪಟ್ಟಿಯಿಲ್ಲದ್ದು, ಬಿ ಎಂದರೆ ಪಟ್ಟಿಯಿರುವುದು. ಎರಡೂ ಸೇರಿದ್ದರೆ ಮಧ್ಯಮ, ಪಟ್ಟಿ ಇದೆ ಆದರೆ ಬಲವಾಗಿಲ್ಲ. ಆವರಣದ ಎಸ್ ಎಂದರೆ ತೋಳುಗಳು ಉಂಗುರದಿಂದ ಹೊರಡದೆ ನೇರವಾಗಿ ನಡುವಿನಿಂದಲೇ ಹೊರಡುತ್ತವೆ. ಕೊನೆಯ ಸಿ ಎಂದರೆ ತೋಳುಗಳು ಬಿಗಿಯಾಗಿ ಸುತ್ತಿಕೊಳ್ಳದೆ ಸಡಿಲವಾಗಿ ಬಿಚ್ಚಿಕೊಂಡಿವೆ, ನಡುವಿನ ಉಬ್ಬು ಸಣ್ಣದು. ಸುರುಳಿಯಾದರೂ ನಮಗೆ ಉದ್ದನೆಯ ಗೆರೆಯಂತೆ ಕಾಣಲು ಕಾರಣ, ಅದು ನಮ್ಮ ಕಡೆಗೆ ಬಹುಪಾಲು ಅಂಚನ್ನೇ ತೋರಿಸಿ ನಿಂತಿದೆ. ದೋಸೆಯನ್ನು ಓರೆಯಾಗಿ ಹಿಡಿದು ನೋಡಿದ ಹಾಗೆ. ಅದರ ದೂರ ಸುಮಾರು 1.1 ಕೋಟಿ ಜ್ಯೋತಿರ್ವರ್ಷ. ಅದರ ನಡುಭಾಗದಲ್ಲಿ ಹೊಸ ನಕ್ಷತ್ರಗಳು ಬಹಳ ವೇಗವಾಗಿ ಹುಟ್ಟುತ್ತಿವೆ. ಕ್ಯಾರೊಲಿನ್ ಅವರ ಕಣ್ಣಿಗೆ ಅಂದು ಬಿದ್ದ ಬೆಳಕು ಅಲ್ಲಿಂದ ಹೊರಟಾಗ ಭೂಮಿಯ ಮೇಲೆ ಮನುಷ್ಯ ಎಂಬುವನೇ ಇರಲಿಲ್ಲ.

ಇದನ್ನು ನೋಡಲು ದೊಡ್ಡ ಉಪಕರಣ ಬೇಡ. ದೀಪಾವಳಿ ಕಳೆದು ನವೆಂಬರ್ ನಡುವೆ, ಚಂದ್ರನಿಲ್ಲದ ರಾತ್ರಿ ಒಂಬತ್ತರಿಂದ ಒಂಬತ್ತೂವರೆಗೆ, ಬೀದಿದೀಪದಿಂದ ದೂರ ಹೊಲದ ಕಡೆ ಹೋಗಿ. ನೆತ್ತಿಯ ಹತ್ತಿರ ಉತ್ತರಾಭಾದ್ರದ ಎರಡು ನಕ್ಷತ್ರಗಳಿರುತ್ತವೆ. ಉತ್ತರದ ನಕ್ಷತ್ರದಿಂದ ದಕ್ಷಿಣದ ನಕ್ಷತ್ರಕ್ಕೆ ಗೆರೆ ಎಳೆದು, ಅದನ್ನು ಹಾಗೆಯೇ ದಕ್ಷಿಣಕ್ಕೆ ಅವೆರಡರ ಅಂತರದ ಎರಡರಷ್ಟಕ್ಕಿಂತ ತುಸು ಹೆಚ್ಚು ಮುಂದುವರಿಸಿದರೆ, ಒಂಟಿಯಾಗಿ ಹೊಳೆಯುವ ತಿಮಿಂಗಿಲ ರಾಶಿಯ ನಕ್ಷತ್ರ ಸಿಗುತ್ತದೆ. ಅದರಿಂದ ಮತ್ತೆ ಏಳು ಡಿಗ್ರಿ ಕೆಳಗೆ, ಅಂದರೆ ಸಾಮಾನ್ಯ ಬೈನಾಕ್ಯುಲರ್‌ನಲ್ಲಿ ಒಂದು ಸಲಕ್ಕೆ ಕಾಣುವಷ್ಟು ಜಾಗ ಸರಿದರೆ, ಎಳೆದ ಹತ್ತಿಯ ಎಸಳಿನಂತೆ ಅದು ಕಾಣುತ್ತದೆ. ನಮ್ಮಲ್ಲಿ ಅದು ದಿಗಂತದಿಂದ ಸುಮಾರು 50 ಡಿಗ್ರಿ ಎತ್ತರಕ್ಕೆ ಬರುತ್ತದೆ. ಕ್ಯಾರೊಲಿನ್ ಅವರಿಗೆ ಸಿಕ್ಕದ ಅನುಕೂಲ ಇದು.

ನಮ್ಮ ಶಾಲೆಯ ಕಚೇರಿಯ ಬೀರುವಿನಲ್ಲಿ ಐವತ್ತು ವರ್ಷದ ದಾಖಲಾತಿ ಪುಸ್ತಕಗಳಿವೆ. ಅದರಲ್ಲಿ ನಮ್ಮೆಲ್ಲರ ಹೆಸರೂ ಒಂದೊಂದು ಕ್ರಮಸಂಖ್ಯೆಯ ಮುಂದೆ ಇದೆ. ಯಾರೋ ಗುಮಾಸ್ತರು, ಯಾರೋ ಮೇಷ್ಟ್ರು ಆ ಹೆಸರುಗಳನ್ನು ತಪ್ಪಿಲ್ಲದೆ ಬರೆದಿಟ್ಟಿದ್ದಕ್ಕೇ ನಾವು ಈ ಶಾಲೆಯವರು ಎಂಬುದಕ್ಕೆ ಸಾಕ್ಷಿ ಉಳಿದಿದೆ. ಕಾಣುವುದು ಎಷ್ಟು ಮುಖ್ಯವೋ ಕಂಡದ್ದನ್ನು ಸರಿಯಾಗಿ ಬರೆದಿಡುವುದೂ ಅಷ್ಟೇ ಮುಖ್ಯ ಎಂದು ಕ್ಯಾರೊಲಿನ್ ಅವರ ಬದುಕು ನನಗೆ ಕಲಿಸಿತು. ಓದು ಬೇಡ ಎಂದು ಮನೆಯಲ್ಲಿ ಕೂರಿಸಿದ ಒಬ್ಬ ಹುಡುಗಿಗೆ ಒಂದು ಬಾಗಿಲು ತೆರೆದದ್ದರಿಂದ ಆಕಾಶದ ದಾಖಲೆ ಇಷ್ಟು ಬೆಳೆಯಿತು. ಬಾಗಿಲು ತೆರೆಯದೆ ಉಳಿದವರ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ನಮ್ಮೂರಿನ ತಾಯಿ ತಂದೆಯರಲ್ಲಿ ನನ್ನ ಬೇಡಿಕೆ ಒಂದೇ. ಹತ್ತನೇ ತರಗತಿ ಮುಗಿದ ಕೂಡಲೇ ಮಗಳ ಹೆಸರನ್ನು ಶಾಲೆಯ ಪುಸ್ತಕದಿಂದ ತೆಗೆಸಿ ಸುಮ್ಮನಾಗಬೇಡಿ. ಮುಂದಿನ ಪುಸ್ತಕದಲ್ಲಿ ಬರೆಸಿ. ನೂರು ವರ್ಷದ ಸಂಚಿಕೆ ಬರುವಾಗ ಅದರಲ್ಲಿ ಬರೆಯಲು ಅವರು ಇರಲಿ.